ಪುಣ್ಯ ನೆಲದ್ದೋ, ನಡೆಯದ್ದೋ?

ಮಾಡಿದ ಕೆಲಸದ ಫಲ ಮಾಡಿದವನಿಗೇ ಸಲ್ಲುತ್ತದೆ, ಅದು ನಡೆದ ಜಾಗಕ್ಕಲ್ಲ ಎನ್ನುವುದು ಕರ್ಮಸಿದ್ಧಾಂತ. ಆದರೆ ಕ್ಷೇತ್ರಮಹಾತ್ಮೆಗಳು, ಅಂದರೆ ಒಂದು ಸ್ಥಳದ ಹಿರಿಮೆಯನ್ನು ಬಣ್ಣಿಸುವ ಪುರಾಣಭಾಗಗಳು, ಪುಣ್ಯವು ಆ ಮಣ್ಣಿನಲ್ಲಿಯೇ ನೆಲೆಸಿದೆ ಎಂದು ಸಾರುತ್ತವೆ. ಪುಣ್ಯ ನೆಲಕ್ಕೆ ಅಂಟುವುದಾದರೆ ಪಾಪವೂ ಅಂಟಬೇಕಲ್ಲವೇ? ಹೊಸಪೇಟೆಗೆ ದಕ್ಷಿಣದಲ್ಲಿರುವ ಸಂಡೂರಿನ ಬೆಟ್ಟಗಳಿಗೆ ಹೋಗುವ ಯಾತ್ರಿಕ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರ.

ತಾರಕಾಸುರನ ವಧೆಯ ನಂತರ ಕುಮಾರಸ್ವಾಮಿ ಇಲ್ಲಿ ನೆಲೆನಿಂತನೆಂದು ಸ್ಥಳಪುರಾಣ ಹೇಳುತ್ತದೆ. ಬೆಟ್ಟದಲ್ಲಿ ಸಿಗುವ ಬಿಳಿಮಣ್ಣನ್ನು ಭಕ್ತರು ವಿಭೂತಿಯೆಂದು ಹಣೆಗೆ ಹಚ್ಚಿಕೊಳ್ಳುತ್ತಾರೆ. ಸುತ್ತಲಿನ ಕೆಂಪು ಅದಿರಿನ ನಡುವೆ ಆ ಬಿಳುಪು ಎದ್ದು ಕಾಣುತ್ತದೆ. 1815ರ ಸುಮಾರಿಗೆ ಪೇಶ್ವೆ ಎರಡನೆಯ ಬಾಜೀರಾಯ ಈ ದೇವರ ದರ್ಶನದ ನೆಪದಲ್ಲಿ ದಂಡಿನೊಡನೆ ಬಂದಾಗ, ಸಂಡೂರನ್ನು ಆಳುತ್ತಿದ್ದ ಘೋರ್ಪಡೆ ಮನೆತನದ ಅರಸ ಶಿವರಾಯ ಕಣಿವೆಯ ದಾರಿಗಳನ್ನು ಮುಚ್ಚಿಸಿ, ಪೇಶ್ವೆಯನ್ನೂ ಕೆಲವೇ ಪರಿವಾರದವರನ್ನೂ ಕಾಲುದಾರಿಯಿಂದ ಗುಡಿಗೆ ಬಿಟ್ಟ. ತಡೆದದ್ದು ದಂಡನ್ನು, ಭಕ್ತನನ್ನಲ್ಲ. ಯಾತ್ರೆಯ ಮರ್ಮವನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿದ ರಾಜಕೀಯ ನಡೆ ವಿರಳ. ಆದರೂ ಪೇಶ್ವೆಯ ಒತ್ತಾಯದಿಂದ 1817ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಸಂಡೂರನ್ನು ವಶಪಡಿಸಿಕೊಂಡ. ಪೇಶ್ವೆ ಪದಚ್ಯುತನಾದ ಬಳಿಕವೇ ಅದು ಶಿವರಾಯನಿಗೆ ಮರಳಿತು.

ಅದೇ ಬೆಟ್ಟಸಾಲಿನ ರಾಮಗಡ ಅಥವಾ ರಾಮನದುರ್ಗ, ಸುಮಾರು 3,200 ಅಡಿ ಎತ್ತರದಲ್ಲಿ, 19ನೆಯ ಶತಮಾನದಲ್ಲಿ ಬಳ್ಳಾರಿಯ ಬ್ರಿಟಿಷ್ ಸೈನಿಕರ ಆರೋಗ್ಯಧಾಮವಾಯಿತು. ಬಂಗಲೆಗಳ ಪಾಳುಗೋಡೆಗಳು ಇಂದಿಗೂ ಇವೆ. ಅಲ್ಲಿ ತಂಪುಗಾಳಿಗೆ ಹೋಗುವವರು ಅದು ಯಾರ ತಂಪಿಗಾಗಿ ಕಟ್ಟಿದ್ದೆಂಬುದನ್ನೂ ತಿಳಿದಿರಬೇಕು. ಅದಿರಿನ ಅಕ್ರಮ ಗಣಿಗಾರಿಕೆಯಂತೂ ಬೆಟ್ಟದ ಮೈಯನ್ನೇ ಹೊತ್ತೊಯ್ದಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ನೆಲದ ಪಾವಿತ್ರ್ಯದ ಮಾತಾಡುತ್ತಿದ್ದವರಲ್ಲಿ ಎಷ್ಟು ಮಂದಿ ಆ ನೆಲದ ಪರವಾಗಿ ನಿಂತಿದ್ದರು ಎಂಬುದು ಧರ್ಮದ ಪ್ರಶ್ನೆಯೇ ಹೌದು.

ಈ ಇತಿಹಾಸ ಬರಿಯ ಕಳಂಕದ್ದಲ್ಲ. ಸಂಡೂರಿನ ಅರಸ ಯಶವಂತರಾವ್ ಘೋರ್ಪಡೆ 1932ರಲ್ಲಿ, ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೆ ನಾಲ್ಕು ವರ್ಷ ಮೊದಲೇ, ಸಂಸ್ಥಾನದ ದೇವಾಲಯಗಳನ್ನು ಅಂದು ಅಸ್ಪೃಶ್ಯರೆಂದು ಹೊರಗಿಟ್ಟಿದ್ದವರಿಗೆ ತೆರೆದರು. 1934ರಲ್ಲಿ ಸಂಡೂರಿಗೆ ಬಂದ ಗಾಂಧೀಜಿ ಇದನ್ನು ಮೆಚ್ಚಿಕೊಂಡರು. ಶತಮಾನಗಳಿಂದ ಪವಿತ್ರವೆನಿಸಿದ್ದ ನೆಲ ಆ ಬಾಗಿಲನ್ನು ತಾನಾಗಿ ತೆರೆದಿರಲಿಲ್ಲ, ಒಂದು ಆಜ್ಞೆ ತೆರೆಯಿತು. ಆದ್ದರಿಂದ ಕ್ಷೇತ್ರದ ಪುಣ್ಯವೆಂಬುದು ಅಲ್ಲಿನವರ ನಡೆಯಿಂದ ಮತ್ತೆ ಮತ್ತೆ ಸಂಪಾದಿಸಬೇಕಾದದ್ದು. ಕುಮಾರಸ್ವಾಮಿಯ ಗುಡಿಯೊಳಗೆ ಹೆಂಗಸರು ಹೋಗಬಾರದೆಂಬ ಸಂಪ್ರದಾಯವನ್ನು ಸ್ಥಳಪುರಾಣದ ಹೆಸರಿನಲ್ಲಿ ಸಮರ್ಥಿಸುವವರು, 1932ರಲ್ಲಿ ಕೈಬಿಟ್ಟ ಸಂಪ್ರದಾಯಕ್ಕೂ ಅಂದು ಅಂಥದೇ ಸಮರ್ಥನೆ ಇತ್ತೆಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ.