ಹಿಡಿದಿಟ್ಟ ಚಿತ್ರವೂ ಹೊತ್ತ ಹೊಣೆಯೂ

ಮಾನವನಿಗೆ ಸಂಗ್ರಹಬುದ್ಧಿಯು ಸಹಜವಾದುದು. ಧಾನ್ಯವನ್ನು ಕೂಡಿಡುವವನಿಗೆ ಮನೆಯ ಗೋಡೆಗಳೇ ಒಂದು ಮಿತಿಯನ್ನು ಹಾಕುತ್ತವೆ. ಕಣಜವು ತುಂಬಿದ ಮೇಲೆ ಅವನು ನಿಲ್ಲಲೇಬೇಕು. ಆದರೆ ಸ್ಥಳವನ್ನು ಬೇಡದ, ಭಾರವು ತೋರದ ಸಂಗ್ರಹಕ್ಕೆ ಮಿತಿಯನ್ನು ಹಾಕುವವರು ಯಾರು? ಇಂದಿನ ಗೃಹಸ್ಥನ ಕೈಯಲ್ಲಿರುವ ಸ್ಮಾರ್ಟ್‌ಫೋನು ಈ ಪ್ರಶ್ನೆಯನ್ನು ದಿನವೂ ಅವನ ಮುಂದಿಡುತ್ತಿದೆ.

ಫೋನಿನ ಪರದೆಯ ಮೇಲೆ ಕಂಡುದನ್ನು ಕಂಡ ಹಾಗೆಯೇ ಚಿತ್ರವಾಗಿ ಹಿಡಿದಿಡುವುದಕ್ಕೆ ಸ್ಕ್ರೀನ್‌ಶಾಟ್ ಎಂದು ಹೆಸರು. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನೂ ಧ್ವನಿಯನ್ನು ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಸಾಕು, ಚಿತ್ರವು ಸಿದ್ಧವಾಗುತ್ತದೆ. ರೈಲಿನ ಟಿಕೇಟು, ವಿದ್ಯುತ್ತಿನ ಬಿಲ್ಲು, ಮದುವೆಯ ಮಂಟಪದ ವಿಳಾಸ, ಬಂಧುಗಳ ಸಂದೇಶ ಎಲ್ಲವೂ ಒಂದೇ ಕಡೆ ಬಂದು ಬೀಳುತ್ತವೆ. ತೆಗೆಯುವುದಕ್ಕೆ ಕ್ಷಣಮಾತ್ರ ಸಾಕಾದುದರಿಂದ, ತೆಗೆಯಬೇಕೆ ಎಂಬ ವಿಚಾರಕ್ಕೆ ಅವಕಾಶವೇ ಉಳಿಯುವುದಿಲ್ಲ.

ಹಿಡಿದಿಡುವುದೆಲ್ಲವೂ ದೋಷವೆಂದು ಇದರ ಅರ್ಥವಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಮೂಲೆಗುಂಪಾಗಿದ್ದ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕದೆ ಇದ್ದಿದ್ದರೆ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಬೆಳಕು ಕಾಣುತ್ತಿರಲಿಲ್ಲ. ಆದರೆ ಅವರು ಸಂಗ್ರಹಿಸಿದ್ದು ಸರ್ವರಿಗೂ ಹಂಚುವುದಕ್ಕಾಗಿ. ಆ ಸಂಗ್ರಹವು ದಾಸೋಹವಾಯಿತು. ಹಾಗೆಯೇ ಹಣದ ವಂಚನೆಗೆ ಸಿಕ್ಕಿದವನು 1930 ಎಂಬ ಸಹಾಯವಾಣಿಗೆ ದೂರು ಕೊಡುವಾಗ, ವಂಚಕನು ಕಳುಹಿಸಿದ ಸಂದೇಶದ ಚಿತ್ರವು ಅವನಿಗೆ ಆಧಾರವಾಗುತ್ತದೆ. ಇಂತಹ ಕಡೆ ಹಿಡಿದಿಡುವುದೇ ಕರ್ತವ್ಯ.

ಕರ್ತವ್ಯವು ಮುಗಿದಲ್ಲಿ ಆಸೆಯು ಆರಂಭವಾಗುತ್ತದೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದರು. ಸತಿಯಾದ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ತಿಳಿಸಿದರು. ಆ ಅಕ್ಕಿಯು ಕದ್ದುದಲ್ಲ. ಬೇಕಾದುದಕ್ಕಿಂತ ಮಿಗಿಲಾಗಿತ್ತೆಂಬುದೊಂದೇ ಅದರ ದೋಷ. ಫೋನಿನಲ್ಲಿ ಸಾವಿರಾರು ಚಿತ್ರಗಳನ್ನು ತುಂಬಿಕೊಂಡು, ಬೇಕಾದಾಗ ಬೇಕಾದುದೊಂದು ಸಿಕ್ಕದೆ ತೊಳಲುವ ಗೃಹಸ್ಥನು ಲಕ್ಕಮ್ಮನವರ ಈ ವಿವೇಕವನ್ನು ನೆನೆಯತಕ್ಕದ್ದು. ಪ್ರಯಾಣವು ಮುಗಿದ ಮೇಲೆ ಟಿಕೇಟಿನ ಚಿತ್ರವೇಕೆ? ಬ್ಯಾಂಕಿನ ಗುಪ್ತಸಂಖ್ಯೆಯನ್ನೂ ಆಧಾರ್ ಚೀಟಿಯನ್ನೂ ಚಿತ್ರವಾಗಿ ಇಟ್ಟುಕೊಳ್ಳುವುದಂತೂ ಅಪಾಯಕರ; ಚಿತ್ರಗಳೊಳಗಿನ ಅಕ್ಷರಗಳನ್ನು ಓದಿ ಕದಿಯುವ ಕಳ್ಳ ತಂತ್ರಾಂಶಗಳು 2025ರಲ್ಲಿ ಪತ್ತೆಯಾಗಿವೆ. ಅಳಿಸಿದ ಚಿತ್ರವೂ ಒಡನೆಯೇ ಅಳಿಯುವುದಿಲ್ಲ. ಐಫೋನಿನಲ್ಲಿ ಅದು ಸುಮಾರು 30 ದಿನ ಬೇರೊಂದು ಕಡೆ ಉಳಿದಿರುತ್ತದೆ. ಅಲ್ಲಿಂದಲೂ ತೆಗೆದಾಗಲೇ ತ್ಯಾಗವು ಪೂರ್ಣವಾಗುತ್ತದೆ.

ಇದಕ್ಕಿಂತ ಗುರುತರವಾದುದು ಪರರ ಮಾತುಗಳ ವಿಚಾರ. ತವರಿನಿಂದ ದೂರವಿರುವ ಸೊಸೆಯೊಬ್ಬಳು ತನ್ನ ಓರಗಿತ್ತಿಯನ್ನು ನಂಬಿ ಮನದ ಅಳಲನ್ನು ವಾಟ್ಸಾಪಿನಲ್ಲಿ ಬರೆಯುತ್ತಾಳೆಂದು ಭಾವಿಸೋಣ. ಓರಗಿತ್ತಿಯು ಅದರ ಚಿತ್ರವನ್ನು ತೆಗೆದು ಮನೆಮಂದಿಯ ಗುಂಪಿಗೆ ಕಳುಹಿಸಿದರೆ, ಬರೆದವಳಿಗೆ ಅದರ ಸುಳಿವೂ ಸಿಕ್ಕುವುದಿಲ್ಲ. ಸಾಮಾನ್ಯ ಸಂದೇಶದ ಚಿತ್ರವನ್ನು ಯಾರಾದರೂ ತೆಗೆದರೆ ವಾಟ್ಸಾಪು ಬರೆದವರಿಗೆ ತಿಳಿಸುವುದಿಲ್ಲ. ಸಂದೇಶವು 24 ಗಂಟೆಗಳಲ್ಲಿ ತಾನೇ ಮರೆಯಾಗಲೆಂದು ಅವಳು ಏರ್ಪಡಿಸಿದ್ದರೂ ಚಿತ್ರವು ಉಳಿದೇ ಉಳಿಯುತ್ತದೆ. ಒಂದು ಸಂಜೆಯ ದುಃಖವು ಅವಳ ಬಾಳಿನ ಅಪವಾದವಾಗಿ ನಿಲ್ಲುತ್ತದೆ.

'ಇದ್ದುದನ್ನೇ ತೋರಿಸಿದೆನಲ್ಲ, ಸುಳ್ಳನ್ನು ಕಟ್ಟಲಿಲ್ಲವಲ್ಲ' ಎಂದು ಚಿತ್ರ ತೆಗೆದವಳು ವಾದಿಸಬಹುದು. ಈ ವಾದವು ನಿಲ್ಲದು. ಚಿತ್ರದಲ್ಲಿ ಬರುವುದು ಪರದೆಯಷ್ಟೇ ಅಗಲದ ಮಾತು. ಅದರ ಹಿಂದಿನ ಪ್ರಶ್ನೆ, ಮುಂದಿನ ಪಶ್ಚಾತ್ತಾಪ, ಆಡಿದಾಗಿನ ಕಣ್ಣೀರು ಅದರಲ್ಲಿ ಬರುವುದಿಲ್ಲ. ಅಷ್ಟೇ ಅಲ್ಲದೆ, ನಿಜವಾದ ವಸ್ತುವನ್ನು ಕದ್ದರೂ ಕಳವು ಕಳವೇ. ಪರಧನವನ್ನು ಮುಟ್ಟಲಾಗದೆಂಬುದು ಶರಣರ ಸದಾಚಾರದ ತಳಹದಿ. ನಂಬಿ ಆಡಿದ ಮಾತೂ ಪರಧನವೇ. ಅದನ್ನು ಕೇಳಿದವರು ಅದರ ಕಾವಲುಗಾರರೇ ಹೊರತು ಒಡೆಯರಲ್ಲ.

ಹಾಗಾದರೆ ಆ ಮಾತಿನಲ್ಲಿ ಒಬ್ಬರ ಪ್ರಾಣಕ್ಕೋ ಮಾನಕ್ಕೋ ಅಪಾಯವು ಕಂಡಾಗ ಮಾಡತಕ್ಕದ್ದೇನು? ಆಗ ಅದನ್ನು ಅಪಾಯವನ್ನು ಪರಿಹರಿಸಬಲ್ಲವರಿಗೆ, ಅವರಿಗೆ ಮಾತ್ರ, ತೋರಿಸುವುದು ಧರ್ಮವೇ ಸರಿ. ನೊಂದವರನ್ನು ಕಾಯುವುದಕ್ಕೆ ತೋರಿಸಿದ ಚಿತ್ರವೂ ನಾಲ್ಕು ಜನರ ನಗೆಗೆಂದು ಹಂಚಿದ ಚಿತ್ರವೂ ಒಂದೇ ರೂಪದ್ದಾಗಿರಬಹುದು. ಅವುಗಳ ಅಂತರವನ್ನು ಬಲ್ಲುದು ತೋರಿಸಿದವರ ಅಂತರಂಗವೊಂದೇ.

ಆದುದರಿಂದ ಭಕ್ತನು ವಾರಕ್ಕೊಮ್ಮೆ, ಸೋಮವಾರದ ಇಷ್ಟಲಿಂಗಪೂಜೆಯ ತರುವಾಯ, ಮನೆಯನ್ನು ಗುಡಿಸುವಂತೆಯೇ ಫೋನನ್ನೂ ಶುಚಿಗೊಳಿಸುವುದು ಲೇಸು. ಕೆಲಸ ಮುಗಿದ ಚಿತ್ರಗಳು ಹೋಗಲಿ. ಬೇಕಾದವು ಹೆಸರುಳ್ಳ ಕಡತಗಳಲ್ಲಿ ಇರಲಿ. ಪರರ ಮಾತನ್ನು ಹಿಡಿದ ಚಿತ್ರವೊಂದು ಎದುರಾದಾಗ, ಇದನ್ನು ಬರೆದವರ ಕಣ್ಣೆದುರಿನಲ್ಲಿಯೇ ತೆಗೆಯಬಹುದಾಗಿತ್ತೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿ. ಅಂಗೈಯಲ್ಲಿ ಲಿಂಗವನ್ನು ಧರಿಸುವ ಕೈಯೇ ಫೋನನ್ನೂ ಹಿಡಿಯುತ್ತದೆ. ಆ ಕೈಗೆ ಎರಡು ಆಚಾರಗಳಿರಲಾರವು.