ಹೊಸ್ತಿಲು ಎಡವಿದರೆ ತಪ್ಪು ಯಾರದು?

ಮನೆಯಲ್ಲಿ ವಯಸ್ಸಾದವರು ಹೊಸ್ತಿಲು ಎಡವಿ ಬಿದ್ದರೆ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? "ನೋಡಿಕೊಂಡು ನಡೆಯಬಾರದೇ?" ಎನ್ನುತ್ತೇವೆ. ಬಿದ್ದವರದೇ ತಪ್ಪೆಂದು ಅಲ್ಲಿಗೆ ತೀರ್ಪು ಮುಗಿಯಿತು. ಹೊಸ್ತಿಲನ್ನು ಹಾಗೆಯೇ ಬಿಟ್ಟವರ ವಿಚಾರಣೆ ನಡೆಯುವುದೇ ಇಲ್ಲ.

ಹುನಗುಂದ ಸೀಮೆಯ ರಾಮಥಾಳದಂಥ ಊರುಗಳ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಮೇಲೆ ಮಣ್ಣಿನ ಮಾಳಿಗೆ, ಒಳಗೆ ಕಟ್ಟಿಗೆಯ ಕಂಬ, ತೊಲೆ, ಜಂತಿ. ತಲೆ ಬಾಗಿಸಿ ಒಳಹೋಗಬೇಕಾದ ಗಿಡ್ಡ ಬಾಗಿಲು, ಕಾಲೆತ್ತಿ ದಾಟಬೇಕಾದ ದಪ್ಪ ಹೊಸ್ತಿಲು. ಬಡಿಗೇರರು ಅದನ್ನು ಸುಮ್ಮನೆ ಇಟ್ಟದ್ದಲ್ಲ. ಚೌಕಟ್ಟಿನ ಎರಡು ಬದಿಗಳು ಬುಡದಲ್ಲಿ ಅಗಲದಂತೆ ಹಿಡಿಯುವುದು ಅದೇ. ಮಳೆನೀರು, ಚೇಳು ಒಳಗೆ ಬಾರದಂತೆ ತಡೆಯುವುದೂ ಅದೇ. ಅರಿಸಿನ ಕುಂಕುಮ ಹಚ್ಚುವವರಿಗೆ ಅದು ಇನ್ನೂ ಹೆಚ್ಚಿನದು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಓಣಿಗಳು ಮುಳುಗಿದಾಗ, ಮನೆ ಬಿಟ್ಟವರು ಬಾಗಿಲು ಚೌಕಟ್ಟುಗಳನ್ನು ಬಿಚ್ಚಿ ಹೇರಿಕೊಂಡು ಹೋದದ್ದುಂಟು. ಅಂಥ ಕಟ್ಟಿಗೆಗೆ ಗರಗಸ ಹಚ್ಚಿರೆಂದು ಹೇಳುವುದು ಸುಲಭವಲ್ಲ.

ಹಾಗಾದರೆ ಎಂಬತ್ತು ದಾಟಿದ ತಾಯಿಯ ಗತಿ?

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಅಪರೂಪದ ಆಜ್ಞೆಯಿದೆ. ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತ ಮೋಟುಗೋಡೆ ಹಾಕಿಸಬೇಕು. ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತದ ಹೊಣೆ ಆ ಮನೆಗೆ ತಟ್ಟುತ್ತದೆ. ನಮ್ಮ ಕಡೆಯಂತೆ ಅಲ್ಲಿಯೂ ಚಪ್ಪಟೆ ಮಾಳಿಗೆ, ಜನ ಹತ್ತಿ ಇಳಿದು ಬಳಸುವ ಜಾಗ. ಬಿದ್ದವನು ಎಚ್ಚರ ತಪ್ಪಿದ್ದನೇ ಎಂದು ಆ ಆಜ್ಞೆ ವಿಚಾರಿಸುವುದೇ ಇಲ್ಲ. ಮನುಷ್ಯ ಎಡವುತ್ತಾನೆ, ನಿದ್ದೆಗಣ್ಣಿನಲ್ಲಿ ನಡೆಯುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಹೊಣೆಯನ್ನು ಕಟ್ಟಿಸಿದವನ ಹೆಗಲಿಗೆ ಹಾಕುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಒಳಹೋಗಲು ಬರುವಂತಿರಬೇಕು ಎನ್ನುತ್ತದೆ. ನಮ್ಮ ಪಡಸಾಲೆಗೆ ಅದು ಇಣುಕುವುದಿಲ್ಲ. ಅಲ್ಲಿ ಎಲ್ಲವೂ ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಆ ಮನಸ್ಸಾಕ್ಷಿ ಮನೆ ರಿಪೇರಿಯ ಹಣವನ್ನು ಎಲ್ಲಿ ಸುರಿಯುತ್ತದೆ ನೋಡಿ. ಬಂದವರ ಕಣ್ಣಿಗೆ ಬೀಳುವ ಶೋಕೇಸಿಗೆ, ಟಿ.ವಿ. ಹಿಂದಿನ ಪ್ಲೈವುಡ್ಡಿಗೆ, ನುಣುಪಾದ ಟೈಲ್ಸಿಗೆ. (ಮುದುಕರ ಪಾಲಿಗೆ ಹಳೆಯ ಪರಸಿ ಕಲ್ಲೇ ಲೇಸು.) ಬಚ್ಚಲ ಗೋಡೆಗೊಂದು ಹಿಡಿಕೆ ಬೇಕೆಂದರೆ ಮಾತ್ರ 'ಆಮೇಲೆ ನೋಡೋಣ'.

ಹೊಸ್ತಿಲು ಕೀಳಲೇಬೇಕೆಂದಿಲ್ಲ. ಎರಡೂ ಬದಿಗೆ ಕಟ್ಟಿಗೆಯ ಇಳಿಜಾರು ಕೂಡಿಸಬಹುದು. ಗಾಲಿಕುರ್ಚಿಗಾದರೆ ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ ಎಂಬುದು ರೂಢಿಯ ಲೆಕ್ಕ; 4 ಇಂಚಿನ ಹೊಸ್ತಿಲಿಗೆ ಒಂದೊಂದು ಬದಿಗೂ 4 ಅಡಿ. ಅಷ್ಟು ಜಾಗವಿಲ್ಲದಿದ್ದರೆ, ನಡೆಯಬಲ್ಲವರಿಗೆ ಅರ್ಧ ಎತ್ತರದ ಅಗಲವಾದ ಮೆಟ್ಟಿಲು, ಚೌಕಟ್ಟಿಗೊಂದು ಗಟ್ಟಿ ಹಿಡಿಕೆ ಸಾಕಾಗಬಹುದು. ಬಡಿಗೇರರಿಗೆ ಅರ್ಧ ದಿನದ ಕೆಲಸ.

ಆದರೆ "ನಿಮ್ಮಪ್ಪ ಮಾಡಿಸಿದ್ದೋ, ಮುಟ್ಟಬ್ಯಾಡ" ಎಂದು ಆ ತಾಯಿಯೇ ತಡೆದರೆ? ಆಕೆಯ ಹಿತಕ್ಕೆಂದು ಆಕೆಯನ್ನೇ ಕೇಳದೆ ಮನೆ ಬದಲಿಸುವುದು ಇನ್ನೊಂದು ಬಗೆಯ ಅನ್ಯಾಯ. ಕೇಳಬೇಕು, ಕಾಯಬೇಕು, ಮತ್ತೆ ಕೇಳಬೇಕು. ಹೊಸ್ತಿಲಿಗೆ ಒಪ್ಪದವರು ಹಿಡಿಕೆಗೆ ಒಪ್ಪಿಯಾರು.

ಹಿಡಿಕೆ ಎಷ್ಟು ಎತ್ತರಕ್ಕೆ ಬೇಕೆಂದು ಬಡಿಗೇರರು ಕೇಳಿದಾಗ, ಟೇಪು ಬಿಚ್ಚುವ ಮುಂಚೆ ಗೋಡೆ ನೋಡಿ. ರಾತ್ರಿ ಎದ್ದಾಗಲೆಲ್ಲ ಆಕೆ ಕೈಯೂರಿದ ಕಡೆ ಸುಣ್ಣದ ಮೇಲೆ ಕಪ್ಪು ಗುರುತು ಆಗಲೇ ಬಿದ್ದಿರುತ್ತದೆ.