ವೇಷಧಾರಿಯ ನಿದ್ದೆ ಯಾರ ಹೊಣೆ?

ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ. ನಡುವಿನ ಆರು ತಿಂಗಳು ವೃತ್ತಿಪರ ಕಲಾವಿದರಿಗೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಆಟ, ಪ್ರತಿ ದಿನ ಬೇರೆ ಊರು. ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಡಲು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತರೆ ಏಳುವಾಗ ಗಂಟೆಗಳೇ ಕಳೆದಿರುತ್ತವೆ. ಆಮೇಲೆ ಕಿರೀಟ, ಭುಜಕೀರ್ತಿ, ಎದೆಪದಕಗಳ ಭಾರ ಹೊತ್ತು ಚೆಂಡೆಯ ಪೆಟ್ಟಿಗೆ ಕುಣಿಯಬೇಕು. ಬರೆದಿಟ್ಟ ಸಂಭಾಷಣೆ ಇಲ್ಲದೆ, ಭಾಗವತರ ಪದ ಮುಗಿದೊಡನೆ ಅರ್ಥ ಹೇಳಬೇಕು. ಮೈಯನ್ನೂ ಬುದ್ಧಿಯನ್ನೂ ಒಟ್ಟಿಗೆ ಇಷ್ಟು ದುಡಿಸುವ ವೃತ್ತಿಗಳು ಹೆಚ್ಚಿಲ್ಲ. ಆದರೂ ವಾರಕ್ಕೊಂದು ಸಂಬಳಸಹಿತ ರಜೆ ಎಂಬುದು ಈ ವೃತ್ತಿಯಲ್ಲಿ ಇನ್ನೂ ಬೇರೂರಿಲ್ಲ.

ಇದು ಕಲೆಯ ಪ್ರಶ್ನೆಯಾಗುವ ಮೊದಲು ದೇಹದ ಪ್ರಶ್ನೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಡಾಸನ್ ಮತ್ತು ರೀಡ್ ಅವರ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿ ಪಾಳಿಯ ಕೆಲಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಸಂಗತಿಗಳ ಪಟ್ಟಿಗೆ 2007ರಲ್ಲಿ ಸೇರಿಸಿತು. 2019ರ ಮರುಪರಿಶೀಲನೆಯಲ್ಲೂ ಅದನ್ನು ಅಲ್ಲೇ ಉಳಿಸಿತು. ಅಧ್ಯಯನಗಳು ಬೇಡವೆನ್ನುವವರ ಎದುರಿಗೂ ಒಂದು ಸಾಕ್ಷ್ಯವಿದೆ. ಆಟ ಮುಗಿಸಿ ಬೈಕಿನಲ್ಲಿ ಮನೆಗೆ ಮರಳುತ್ತಿದ್ದ ಕಲಾವಿದರು ರಸ್ತೆಯಲ್ಲೇ ಜೀವ ಕಳೆದುಕೊಂಡ ಸುದ್ದಿಯನ್ನು ಕರಾವಳಿಯ ಓದುಗರು ಒಂದಕ್ಕಿಂತ ಹೆಚ್ಚು ಬಾರಿ ಓದಿದ್ದಾರೆ. ಪ್ರತಿ ಅಪಘಾತಕ್ಕೂ ನಿದ್ದೆಗೇಡೇ ಕಾರಣವೆಂದು ಹೇಳಲಾಗದು. ಆದರೆ ರಾತ್ರಿಯಿಡೀ ಕುಣಿದವನು ಬೆಳಗಿನ ಜಾವ ವಾಹನ ಓಡಿಸಬೇಕಾಗಿ ಬರುವ ವ್ಯವಸ್ಥೆ ಅಪಾಯಕಾರಿ ಎನ್ನಲು ತನಿಖಾ ವರದಿಗಾಗಿ ಕಾಯಬೇಕಿಲ್ಲ.

ಕಾನೂನು ಈ ಸತ್ಯವನ್ನು ಬೇರೆ ದುಡಿಮೆಗಳ ವಿಷಯದಲ್ಲಿ ಎಂದೋ ಒಪ್ಪಿಕೊಂಡಿದೆ. 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಡ್ಡಾಯ ಮಾಡಿತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಚಾಲಕನ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಸಿನಿಮಾ, ಧಾರಾವಾಹಿಗಳ ನಟರನ್ನು ಶ್ರವ್ಯ-ದೃಶ್ಯ ಕೆಲಸಗಾರರೆಂದು ಗುರುತಿಸಿತು. ಬಯಲಿನ ರಂಗಸ್ಥಳದಲ್ಲಿ ಕುಣಿಯುವವನು ಆ ಹೆಸರಿನೊಳಗೂ ಬರುವುದಿಲ್ಲ. ಅವನನ್ನು ಕಲಾವಿದನೆಂದು ಗೌರವಿಸುವ ಸಮಾಜ, ದುಡಿಯುವವನೆಂದು ಲೆಕ್ಕಕ್ಕೆ ಹಿಡಿದಿಲ್ಲ.

ಆಟದ ಅವಧಿಯ ಬಗ್ಗೆ ನಾವು ಚರ್ಚಿಸಲೇ ಇಲ್ಲವೆಂದಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹೇರಿದ 2000ದ ಶಬ್ದ ಮಾಲಿನ್ಯ ನಿಯಮಗಳಿಂದಾಗಿ ಚರ್ಚೆ ಎದ್ದಿತು. 2022ರಲ್ಲಿ ಕಟೀಲು ಮೇಳಗಳ ಆಟವನ್ನು ಕಾಲಮಿತಿಗೆ ತರಲು ಹೊರಟಾಗ ಭಕ್ತರಿಂದ ವಿರೋಧವೂ ಬಂತು. ಆ ವಾದವಿವಾದದಲ್ಲಿ ನೆರೆಮನೆಯವರ ನಿದ್ದೆ, ಭಕ್ತರ ಭಾವನೆ, ಸಂಪ್ರದಾಯದ ಶುದ್ಧಿ ಇವೆಲ್ಲ ಮುಂದೆ ಬಂದವು. ಕಲಾವಿದನ ನಿದ್ದೆ ಹಿಂದೆಯೇ ಉಳಿಯಿತು. ರಾಮಲೀಲಾ ಮೈದಾನದ ಪ್ರಕರಣದಲ್ಲಿ 2012ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ನಿದ್ದೆಯನ್ನು ಬದುಕುವ ಹಕ್ಕಿನೊಂದಿಗೆ ಜೋಡಿಸಿ ನೋಡಿತ್ತು. ಆ ಹಕ್ಕು ಚೌಕಿಯ ಬಾಗಿಲಲ್ಲಿ ನಿಂತುಬಿಡಲು ನ್ಯಾಯವಾದ ಕಾರಣವೇನೂ ಇಲ್ಲ.

ಕಲಾವಿದರಿಗೆ ವಿಶ್ರಾಂತಿ ಬೇಕೆಂಬ ಮಾತಿಗೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಹರಕೆಯದು. ಆಟವೆಂದರೆ ದೇವರ ಸೇವೆ, ಅದಕ್ಕೆ ಗಂಟೆಯ ಲೆಕ್ಕ ಹಾಕಬಾರದು ಎನ್ನುತ್ತಾರೆ. ಭಕ್ತನ ಶ್ರದ್ಧೆಯನ್ನು ಅವಮಾನಿಸುವುದು ಈ ಬರಹದ ಉದ್ದೇಶವಲ್ಲ. ಆದರೆ ಹರಕೆ ಹೊತ್ತವನು ತನ್ನ ಉಪವಾಸವನ್ನು, ತನ್ನ ಹಣವನ್ನು ಕೊಡಬಹುದು. ಇನ್ನೊಬ್ಬನ ಆರೋಗ್ಯವನ್ನು ಕೊಡಲು ಅವನಿಗೆ ಅಧಿಕಾರವಿಲ್ಲ. ಧರ್ಮಸ್ಥಳ ಮೇಳ ಕಟೀಲಿಗಿಂತ ಮೊದಲೇ ಕಾಲಮಿತಿಗೆ ಬಂದಿತ್ತು. ಅದರಿಂದ ಭಕ್ತಿ ತಗ್ಗಿತೆಂದು ಯಾರೂ ತೋರಿಸಿಲ್ಲ.

ಎರಡನೆಯದು ಹಿಂದಿನವರ ಉದಾಹರಣೆ: ಅವರು ಊರಿಂದೂರಿಗೆ ನಡೆದೇ ಹೋಗಿ ಬೆಳಗಿನವರೆಗೆ ಕುಣಿದರಲ್ಲವೇ? ಕುಣಿದರು ನಿಜ. ಆದರೆ ನಮಗೆ ನೆನಪಿರುವುದು ತಾಳಿಕೊಂಡು ಹೆಸರು ಮಾಡಿದವರು ಮಾತ್ರ. ಮಂಡಿ ಸವೆದು, ಸ್ವರ ಕಳೆದುಕೊಂಡು, ನಡುವಯಸ್ಸಿಗೇ ಮೇಳ ಬಿಟ್ಟವರನ್ನು ಯಾರೂ ಲೆಕ್ಕವಿಟ್ಟಿಲ್ಲ. ಗೆದ್ದವರನ್ನಷ್ಟೇ ಎಣಿಸಿ ಪದ್ಧತಿ ಒಳ್ಳೆಯದೆಂದು ತೀರ್ಮಾನಿಸುವುದು ತರ್ಕವಲ್ಲ. ಮೇಲಾಗಿ ಅಂದು ಆಟ ಆದ ಊರಲ್ಲೇ ಹಗಲು ಮಲಗುವ ರೂಢಿಯಿತ್ತು. ಇಂದು ವಾಹನವಿದೆ, ಹಾಗಾಗಿ ಬೆಳಿಗ್ಗೆ ಮನೆ, ಹಗಲು ಇನ್ನೊಂದು ಕೆಲಸ, ಸಂಜೆ ಮತ್ತೆ ಚೌಕಿ. ಪ್ರಯಾಣ ಸುಲಭವಾದಷ್ಟೂ ವಿಶ್ರಾಂತಿ ಕಡಿಮೆಯಾಗಿದೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಲಾವಿದರೇ ಹೆಚ್ಚು ಆಟ ಬೇಕೆನ್ನುತ್ತಾರೆ. ಒಂದೇ ರಾತ್ರಿ ಎರಡು ಕಡೆ ಅತಿಥಿಯಾಗಿ ವೇಷ ಮಾಡುವವರೂ ಇದ್ದಾರೆ. ಇದು ನಿಜ, ಮತ್ತು ಇದೇ ಕಾರಣಕ್ಕೆ ಕಾಲಮಿತಿಯೊಂದೇ ಪರಿಹಾರವಲ್ಲ. ಮಳೆಗಾಲದಲ್ಲಿ ನಿಶ್ಚಿತ ಆದಾಯವಿಲ್ಲದವನು, ಮುಂಗಡ ಪಡೆದು ಮೇಳಕ್ಕೆ ಸೇರಿದವನು, ಉಳಿದ ಗಂಟೆಗಳನ್ನೂ ಮಾರಿಯೇ ಮಾರುತ್ತಾನೆ. ಜ್ವರ ಬಂದರೂ ವೇಷ ಕಟ್ಟುತ್ತಾನೆ; ಒಂದು ದಿನ ತಪ್ಪಿದರೆ ಆ ವೇಷ ಇನ್ನೊಬ್ಬನ ಪಾಲಾದೀತೆಂಬ ಆತಂಕವೂ ಅವನಿಗಿದೆ. ಅಗತ್ಯದಿಂದ ಹುಟ್ಟಿದ ಒಪ್ಪಿಗೆಯನ್ನು ಸ್ವಂತ ಇಚ್ಛೆ ಎನ್ನಲಾಗದು. ವಿಶ್ರಾಂತಿಯ ಜೊತೆ ಸಂಬಳವೂ ಸಿಗಬೇಕು. ಇಲ್ಲವಾದರೆ ಅದು ವಿಶ್ರಾಂತಿಯಾಗಿ ಉಳಿಯುವುದಿಲ್ಲ.

ಕಾಲಮಿತಿಯಿಂದ ಪ್ರಸಂಗ ಸೊರಗುತ್ತದೆ ಎಂಬ ರಸಿಕರ ಚಿಂತೆಯಲ್ಲೂ ಹುರುಳಿದೆ. 'ದೇವಿ ಮಹಾತ್ಮೆ'ಯಂಥ ಪ್ರಸಂಗ ರಾತ್ರಿಯ ಉದ್ದಕ್ಕೂ ಬೆಳೆಯುವಂಥದ್ದು. ಹಾಗಿದ್ದರೆ ಇಡೀ ರಾತ್ರಿ ಆಟ ಇರಲಿ, ಆದರೆ ಅದೇ ಕಲಾವಿದರಿಂದ ಪ್ರತಿ ರಾತ್ರಿಯೂ ಅಲ್ಲ. ಹೆಚ್ಚುವರಿ ಕಲಾವಿದರನ್ನು ನೇಮಿಸಿ ಸರದಿಯಂತೆ ರಜೆ ಕೊಡಬಹುದು. ಬೆಳಗಿನ ಪ್ರಯಾಣಕ್ಕೆ ಮೇಳವೇ ವಾಹನ ಒದಗಿಸಬಹುದು. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ನಡೆಸಬಹುದು. ಖರ್ಚು ಬರುತ್ತದೆ, ಆಟದ ವೀಳ್ಯದಲ್ಲಿ ಅದನ್ನು ಸೇರಿಸುವುದು ಪ್ರಾಮಾಣಿಕವಾದ ದಾರಿ. ಹೆಸರಾಂತ ಕ್ಷೇತ್ರಗಳ ಮೇಳಗಳಿಗೆ ಹರಕೆ ಆಟಗಳು ವರ್ಷಗಳ ಮುಂಚೆಯೇ ಗೊತ್ತಾಗಿರುವಾಗ, ಬೇಡಿಕೆ ಕುಸಿಯುವ ಭಯಕ್ಕೆ ಅಲ್ಲಿ ಆಧಾರವಿಲ್ಲ.

ಉಡುಪಿಯ ಯಕ್ಷಗಾನ ಕಲಾರಂಗ, ಮಂಗಳೂರಿನ ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಕಲಾವಿದರಿಗೆ ವಿಮೆ, ಮನೆ, ಚಿಕಿತ್ಸೆಯ ನೆರವು ಒದಗಿಸುತ್ತ ಬಂದಿವೆ. ಆ ಕೆಲಸ ಮಾನವೀಯವಾದದ್ದು. ಆದರೆ ಬಿದ್ದ ಮೇಲೆ ಎತ್ತುವ ಕೈಗಳಿವೆ ಎಂಬ ಸಮಾಧಾನದಲ್ಲಿ, ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ಉಳಿದವರು ಮರೆಯಬಾರದು. ಆ ಹೊಣೆ ಮೇಳದ ಯಜಮಾನರದು, ಸರ್ಕಾರದ್ದು, ಆಟ ಆಡಿಸುವವರದು. ಮುಂದಿನ ಸಲ ಆಟ ಗೊತ್ತು ಮಾಡಲು ಹೋದಾಗ, ಪ್ರಸಂಗ ಯಾವುದು ಎಂದು ಕೇಳುವ ಮೊದಲು, ನಿಮ್ಮ ಕಲಾವಿದರಿಗೆ ವಾರಕ್ಕೊಂದು ಸಂಬಳಸಹಿತ ರಜೆ ಇದೆಯೇ ಎಂದು ದಯವಿಟ್ಟು ಕೇಳಿ.